ಕಾಳು ಏಳುವ ಹೊತ್ತು

ಕಿರಾಣಿ ಅಂಗಡಿಯಿಂದ ತಂದ ಬಾರ್ಲಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಡಿ. ಹೆಸರುಕಾಳು, ಮಡಕೆಕಾಳು, ರಾಗಿ ಆಗಿದ್ದರೆ ಒಂದೆರಡು ದಿನದಲ್ಲಿ ಮೊಳಕೆ ಕಾಣುತ್ತಿತ್ತು. ಬಾರ್ಲಿ ಮಾತ್ರ ಊದಿಕೊಂಡು ಲೋಳೆಯಾಗಿ ಹುಳಿ ವಾಸನೆ ಹಿಡಿಯುತ್ತದೆ. ಅಂಗಡಿಯ ಆ ಬಿಳಿ ಗುಂಡು ಬಾರ್ಲಿ ಯಂತ್ರದಲ್ಲಿ ಉಜ್ಜಿಸಿಕೊಂಡು ಬಂದದ್ದು. ಹೊಟ್ಟು, ತೌಡು ಹೋಗುವಾಗ ಕಾಳಿನ ತುದಿಯಲ್ಲಿದ್ದ ಭ್ರೂಣವೂ ಬಹುಪಾಲು ಉದುರಿಹೋಗಿರುತ್ತದೆ. ಗಂಜಿಗೂ ಬಾರ್ಲಿ ನೀರಿಗೂ ಅಷ್ಟು ಸಾಕು. ಮಾಲ್ಟ್‌ಗೆ ಅದು ಸಾಲದು, ಅದಕ್ಕೆ ಜೀವ ಇರುವ ಕಾಳೇ ಬೇಕು.

ಹಾರ್ಲಿಕ್ಸ್‌ನಂಥ ಪೇಯದ ಪುಡಿಯಲ್ಲಿ, ಬಿಯರ್‌ನಲ್ಲಿ, ವಿಸ್ಕಿಯಲ್ಲಿ ಇರುವುದು ಮೊಳಕೆ ಬರಿಸಿ ಒಣಗಿಸಿದ ಈ ಬಾರ್ಲಿಯೇ. ಆದರೆ ಜೀವ ಇರುವ ಬಾರ್ಲಿಯೆಲ್ಲ ಮಾಲ್ಟ್ ಆಗುವುದಿಲ್ಲ. ಜಗತ್ತಿನಲ್ಲಿ ಬೆಳೆಯುವ ಬಾರ್ಲಿಯ ದೊಡ್ಡ ಪಾಲು ದನ, ಹಂದಿ, ಕೋಳಿಗಳ ಆಹಾರವಾಗುತ್ತದೆ. ಒಂದೇ ಹೊಲದಲ್ಲಿ ಅಕ್ಕಪಕ್ಕ ಬಿತ್ತಿ, ಒಂದೇ ಗೊಬ್ಬರ ಹಾಕಿ ಬೆಳೆದ ಎರಡು ತಳಿಗಳಲ್ಲಿ ಒಂದನ್ನು ಮಾಲ್ಟ್ ಕಾರ್ಖಾನೆಯವರು ಹೆಚ್ಚು ಬೆಲೆ ಕೊಟ್ಟು ಒಯ್ಯುತ್ತಾರೆ. ಇನ್ನೊಂದು ಮೇವಿನ ಬೆಲೆಗೆ ಹೋಗುತ್ತದೆ. ಕಣ್ಣಿಗೆ ಎರಡೂ ಒಂದೇ ತರಹ ಕಾಣಬಹುದು. ವ್ಯತ್ಯಾಸ ಇರುವುದು ಅವುಗಳ ವಂಶವಾಹಿಗಳಲ್ಲಿ, ಅಂದರೆ ಜೀನ್‌ಗಳಲ್ಲಿ.

ಹಾಗೆಂದು ‘ಮಾಲ್ಟ್ ಜೀನ್’ ಎಂಬ ಒಂದು ಜೀನ್ ಎಲ್ಲೂ ಇಲ್ಲ. ಮೊಳೆಯುವ ಕಾಳು ಕೂಡಿಟ್ಟ ಆಹಾರವನ್ನು ತಾನೇ ಬಿಚ್ಚಿ ಕರಗಿಸಿಕೊಳ್ಳುತ್ತದೆ. ಅದನ್ನು ಯಾವಾಗ ಶುರುಮಾಡುತ್ತದೆ, ಯಾವ ಕ್ರಮದಲ್ಲಿ ಮಾಡುತ್ತದೆ, ಎಷ್ಟು ಬೇಗ ಮುಗಿಸುತ್ತದೆ ಎಂಬುದೆಲ್ಲ ಸೇರಿ ಮಾಲ್ಟ್ ಗುಣವಾಗುತ್ತದೆ. ಪ್ರತಿ ಹೆಜ್ಜೆಗೂ ಬೇರೆ ಬೇರೆ ಜೀನ್‌ಗಳಿವೆ. ಅವೆಲ್ಲ ಹುಟ್ಟಿಕೊಂಡದ್ದು ಗಿಡದ ಬದುಕಿಗಾಗಿ, ನಮ್ಮ ಲೋಟಕ್ಕಾಗಿ ಅಲ್ಲ.

ಒಂದು ವಾರದ ಕೆಲಸ

ಮಾಲ್ಟ್ ತಯಾರಿಕೆಯಲ್ಲಿ ಮೂರು ಹಂತ. ಮೊದಲನೆಯದು ನೆನೆಸುವುದು. ಒಣಗಿದ ಕಾಳು ಒಂದೆರಡು ದಿನದಲ್ಲಿ ತನ್ನ ತೂಕದಲ್ಲಿ ಶೇ. 42ರಿಂದ 46ರಷ್ಟು ನೀರೇ ಆಗುವಷ್ಟು ಕುಡಿಯುತ್ತದೆ. ನಡುನಡುವೆ ನೀರು ಬಸಿದು ಗಾಳಿಯಾಡಿಸುತ್ತಾರೆ. ಎಚ್ಚರಗೊಂಡ ಕಾಳು ಉಸಿರಾಡುತ್ತದೆ, ಸದಾ ನೀರಲ್ಲೇ ಮುಳುಗಿದ್ದರೆ ಸತ್ತುಹೋಗುತ್ತದೆ. ಎರಡನೆಯದು ಮೊಳಕೆ. 15ರಿಂದ 18 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ನಾಲ್ಕೈದು ದಿನ ಹರವಿಟ್ಟು, ಬೇರುಗಳು ಒಂದಕ್ಕೊಂದು ಹೆಣೆದುಕೊಳ್ಳದ ಹಾಗೆ ಆಗಾಗ ತಿರುವಿಹಾಕುತ್ತಾರೆ. ಮೂರನೆಯದು ಒಣಗಿಸುವುದು. ಬಿಸಿಗಾಳಿಯನ್ನು ಹಂತಹಂತವಾಗಿ ಏರಿಸಿ, ತಿಳಿ ಬಣ್ಣದ ಮಾಲ್ಟ್‌ಗಾದರೆ ಕೊನೆಗೆ 80ರಿಂದ 85 ಡಿಗ್ರಿಗೆ ತಂದು ಮೊಳಕೆಯ ಬೆಳವಣಿಗೆಯನ್ನು ನಿಲ್ಲಿಸುತ್ತಾರೆ. ಬೇರಿನ ಎಳೆಗಳು ಉದುರುತ್ತವೆ, ಅದು ದನದ ಮೇವಿಗೆ ಹೋಗುತ್ತದೆ.

ಎರಡನೆಯ ಹಂತದಲ್ಲಿ, ನುರಿತ ಕೆಲಸಗಾರ ದಿನವೂ ರಾಶಿಯಿಂದ ಒಂದು ಹಸಿ ಕಾಳು ತೆಗೆದು, ಸಿಪ್ಪೆ ಸುಲಿದು, ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ ನೋಡುತ್ತಾನೆ. ಮೊದಲ ದಿನ ಅದು ರಬ್ಬರಿನಷ್ಟು ಗಟ್ಟಿ. ಮೂರನೆಯ ದಿನ ಭ್ರೂಣವಿರುವ ತುದಿ ಮೆತ್ತಗಾಗಿರುತ್ತದೆ, ಎದುರು ತುದಿಯಲ್ಲಿ ಇನ್ನೂ ಗಂಟು ಸಿಗುತ್ತದೆ. ಐದನೆಯ ದಿನ ಉಜ್ಜಿದರೆ ಇಡೀ ಕಾಳು ಬೆರಳಿನ ಮೇಲೆ ನುಣ್ಣಗೆ, ಬಿಳಿಯಾಗಿ ಹರಡಿಕೊಳ್ಳುತ್ತದೆ. ಅದೇ ಹೊತ್ತಿಗೆ ಸಿಪ್ಪೆಯ ಒಳಗೇ ಬೆನ್ನಿನುದ್ದಕ್ಕೂ ಬೆಳೆಯುವ ಎಲೆಮೊಳಕೆ ಕಾಳಿನ ಮುಕ್ಕಾಲು ಉದ್ದ ಮುಟ್ಟಿರುತ್ತದೆ. ಇನ್ನು ತಡಮಾಡುವಂತಿಲ್ಲ. ಬಿಟ್ಟರೆ ನಮಗೆ ಬೇಕಾದ ಪಿಷ್ಟವನ್ನು ಸಸಿ ತಿಂದುಬಿಡುತ್ತದೆ.

ಕಾಳಿನ ಒಳಗೋಡೆಗಳೆಲ್ಲ ಒಡೆಯಬೇಕು, ಪಿಷ್ಟ ಮಾತ್ರ ಉಳಿಯಬೇಕು. ಪಿಷ್ಟ ಕತ್ತರಿಸುವ ಕಿಣ್ವಗಳು ತಯಾರಾಗಬೇಕು, ಆದರೆ ಈಗಲೇ ಪೂರ್ತಿ ಕೆಲಸಕ್ಕೆ ಇಳಿಯಬಾರದು. ಒಂದು ರಾಶಿಯ ಕೋಟ್ಯಂತರ ಕಾಳುಗಳು ಒಂದೇ ದಿನ ಈ ಸ್ಥಿತಿಗೆ ಬರಬೇಕು. ನೂರರಲ್ಲಿ ಹತ್ತು ಕಾಳು ಮೊಳೆಯದೆ ಉಳಿದರೂ ಮುಂದೆ ಬಿಸಿನೀರಿನಲ್ಲಿ ಕಲಸಿದಾಗ ಅವು ರಸ ಬಿಡುವುದಿಲ್ಲ, ಸೋಸುವಾಗ ಕಟ್ಟಿಕೊಳ್ಳುತ್ತವೆ. ಅದಕ್ಕೇ ಮಾಲ್ಟ್ ಕಾರ್ಖಾನೆಗಳು ಕನಿಷ್ಠ ಶೇ. 95ರಷ್ಟು ಕಾಳು ಮೊಳೆಯಲೇಬೇಕೆಂದು ಪಟ್ಟುಹಿಡಿಯುವುದು.

ಭ್ರೂಣ ಕಳಿಸುವ ಸುದ್ದಿ

ಬಾರ್ಲಿ ಕಾಳಿನ ಬಹುಭಾಗ ಪಿಷ್ಟ ತುಂಬಿದ ಭ್ರೂಣಪೋಷ. ಕಾಳು ಬಲಿಯುವಾಗಲೇ ಆ ಜೀವಕೋಶಗಳು ಸತ್ತಿರುತ್ತವೆ. ಅದರ ಸುತ್ತ ಮೂರು ಕೋಶ ದಪ್ಪದ ಒಂದು ಪದರವಿದೆ, ಹೆಸರು ಅಲ್ಯುರೋನ್. ಈ ಪದರ ಜೀವಂತ. ಗೋಧಿಯಲ್ಲಿ, ಮೆಕ್ಕೆಜೋಳದಲ್ಲಿ ಇದು ಒಂದೇ ಕೋಶದಷ್ಟು ತೆಳು. ಕಿಣ್ವಗಳನ್ನು ತಯಾರಿಸುವುದು ಈ ಪದರವೇ ಆದ್ದರಿಂದ, ಮೂರು ಸಾಲು ಇರುವುದು ಮಾಲ್ಟ್ ಮಾಡುವವರಿಗೆ ಬಾರ್ಲಿಯೇ ಹಿಡಿಸಲು ಒಂದು ಕಾರಣ.

ಭ್ರೂಣ ಒಂದು ತುದಿಯಲ್ಲಿ, ಕಿಣ್ವದ ಪದರ ಸುತ್ತಲೂ. ನೀರು ಬಂತೆಂದು ಪದರಕ್ಕೆ ಹೇಳುವವರು ಯಾರು? ಇದಕ್ಕೆ ಉತ್ತರ ಸಿಕ್ಕಿದ್ದು ಭತ್ತದ ಒಂದು ರೋಗದಿಂದ. ಜಪಾನಿನ ಭತ್ತದ ಗದ್ದೆಗಳಲ್ಲಿ ಕೆಲವು ಸಸಿಗಳು ವಿಪರೀತ ಎತ್ತರಕ್ಕೆ ಬೆಳೆದು, ಬಿಳಿಚಿಕೊಂಡು, ಬಿದ್ದು ಸಾಯುತ್ತಿದ್ದವು. 1926ರಲ್ಲಿ ತೈವಾನಿನಲ್ಲಿ ಕೆಲಸ ಮಾಡುತ್ತಿದ್ದ ಕುರೊಸಾವಾ, ಒಂದು ಶಿಲೀಂಧ್ರ ಸ್ರವಿಸುವ ರಾಸಾಯನಿಕವೇ ಇದಕ್ಕೆ ಕಾರಣ ಎಂದು ತೋರಿಸಿದರು. 1938ರಲ್ಲಿ ಯಬುಟ ಮತ್ತು ಸುಮಿಕಿ ಅದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಅದೇ ಜಿಬ್ಬರೆಲಿನ್. ಗಿಡಗಳೂ ಅದನ್ನು ತಮ್ಮೊಳಗೆ ತಯಾರಿಸುತ್ತವೆ ಎಂಬುದು ಆಮೇಲೆ ತಿಳಿಯಿತು. ವಿಜಯಪುರದ ದ್ರಾಕ್ಷಿ ಬೆಳೆಗಾರರು ಗೊಂಚಲಿಗೆ ಸಿಂಪಡಿಸುವ ‘ಜಿಎ’ ಇದೇ ಕುಟುಂಬದ್ದು.

1960ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಲೆಸ್ಲಿ ಪೇಲೆಗ್, ಜಪಾನಿನಲ್ಲಿ ಯೊಮೊ, ಒಬ್ಬರಿಗೊಬ್ಬರು ತಿಳಿಯದೆಯೇ ಒಂದೇ ಸತ್ಯಕ್ಕೆ ಬಂದು ಮುಟ್ಟಿದರು. ಭ್ರೂಣ ಕತ್ತರಿಸಿ ತೆಗೆದ ಅರ್ಧ ಬಾರ್ಲಿ ಕಾಳನ್ನು ನೀರಿನಲ್ಲಿಟ್ಟರೆ ಅದರ ಪಿಷ್ಟ ಕರಗುವುದಿಲ್ಲ. ಆ ನೀರಿಗೆ ಲೇಶಮಾತ್ರ ಜಿಬ್ಬರೆಲಿನ್ ಬೆರೆಸಿದರೆ, ಭ್ರೂಣ ಇಲ್ಲದಿದ್ದರೂ ಅಲ್ಯುರೋನ್ ಪದರ ಕಿಣ್ವಗಳನ್ನು ಸುರಿಸತೊಡಗುತ್ತದೆ. ಅಂದರೆ ಭ್ರೂಣ ಕಳಿಸುವ ಸುದ್ದಿ ಈ ಹಾರ್ಮೋನೇ. ಸುದ್ದಿ ಮುಟ್ಟಿದ ಕೋಶಗಳಲ್ಲಿ ಅದುವರೆಗೆ ಸುಮ್ಮನಿದ್ದ ಜೀನ್‌ಗಳು ಚಾಲೂ ಆಗಿ, ಪಿಷ್ಟ, ಪ್ರೋಟೀನು, ಕೋಶಗೋಡೆಗಳನ್ನು ಒಡೆಯುವ ಕಿಣ್ವಗಳು ಒಂದಾದ ಮೇಲೊಂದು ಬರುತ್ತವೆ. ಕಾಳು ಭ್ರೂಣದ ಕಡೆಯಿಂದ ಮೊದಲು ಮೆತ್ತಗಾಗುವುದು ಇದರಿಂದಲೇ. ಕೆಲಸಗಾರನ ಹೆಬ್ಬೆರಳಿಗೆ ಶತಮಾನಗಳಿಂದ ಗೊತ್ತಿದ್ದದ್ದು ಪ್ರಯೋಗಾಲಯಕ್ಕೆ ಗೊತ್ತಾದದ್ದು ಹೀಗೆ.

ಎರಡು ಕಿಣ್ವ, ಐದು ಡಿಗ್ರಿ

ಮನುಷ್ಯರು ಮೊದಲು ಬೇರ್ಪಡಿಸಿದ ಕಿಣ್ವವೇ ಮಾಲ್ಟ್‌ನದು. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೊ ಮಾಲ್ಟ್ ಕದಡಿದ ನೀರಿಗೆ ಆಲ್ಕೊಹಾಲ್ ಬೆರೆಸಿ ಒಂದು ಬಿಳಿ ಪುಡಿ ತೆಗೆದರು. ಚಿಟಿಕೆ ಪುಡಿ ಗಂಜಿಯನ್ನು ಸಿಹಿಯಾಗಿಸುತ್ತಿತ್ತು. ಡಯಾಸ್ಟೇಸ್ ಎಂದು ಅವರು ಕರೆದ ಅದು ಒಂದೇ ಕಿಣ್ವವಲ್ಲ, ಹಲವು ಕಿಣ್ವಗಳ ಬೆರಕೆ ಎಂಬುದು ನಂತರ ಗೊತ್ತಾಯಿತು. ಅವುಗಳಲ್ಲಿ ಮುಖ್ಯವಾದವು ಎರಡು, ಆಲ್ಫಾ ಅಮೈಲೇಸ್ ಮತ್ತು ಬೀಟಾ ಅಮೈಲೇಸ್.

ಪಿಷ್ಟ ಎಂದರೆ ಗ್ಲೂಕೋಸ್‌ನ ಹೂಗಳನ್ನು ಪೋಣಿಸಿದ ಉದ್ದನೆಯ ಮಾಲೆ. ಆಲ್ಫಾ ಅಮೈಲೇಸ್ ಆ ಮಾಲೆಯನ್ನು ನಡುವೆ ಎಲ್ಲೆಂದರಲ್ಲಿ ತುಂಡರಿಸುತ್ತದೆ. ಬೀಟಾ ಅಮೈಲೇಸ್ ಒಂದೊಂದು ತುಂಡಿನ ತುದಿ ಹಿಡಿದು ಎರಡೆರಡು ಹೂ ಬಿಡಿಸಿಕೊಳ್ಳುತ್ತ ಹೋಗುತ್ತದೆ. ಆ ಜೋಡಿಯೇ ಮಾಲ್ಟೋಸ್ ಸಕ್ಕರೆ. ಮಾಲೆ ಕವಲೊಡೆದ ಕಡೆ ಇವೆರಡಕ್ಕೂ ದಾರಿಯಿಲ್ಲ, ಅಲ್ಲಿಗೆ ಲಿಮಿಟ್ ಡೆಕ್ಸ್ಟ್ರಿನೇಸ್ ಎಂಬ ಮೂರನೆಯ ಕಿಣ್ವ ಬೇಕು.

ಎರಡು ಕಿಣ್ವಗಳ ಹುಟ್ಟು ಬೇರೆ ಬೇರೆ. ಆಲ್ಫಾ ಅಮೈಲೇಸ್ ಒಣ ಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಜಿಬ್ಬರೆಲಿನ್ ಬಂದ ಮೇಲೆ ಅಲ್ಯುರೋನ್ ಪದರ ಅದನ್ನು ಹೊಸದಾಗಿ ತಯಾರಿಸುತ್ತದೆ. ಅದರ ಜೀನ್‌ಗೆ ಒಂದೇ ಪ್ರತಿ ಇರಬೇಕೆಂದಿಲ್ಲ. 2024ರಲ್ಲಿ ಪ್ರಕಟವಾದ 76 ಬಾರ್ಲಿಗಳ ಜೀನೋಮ್ ಹೋಲಿಕೆ, ಈ ಕಿಣ್ವದ ಒಂದು ಮುಖ್ಯ ಜೀನಿನ ಪ್ರತಿಗಳ ಸಂಖ್ಯೆ ತಳಿಯಿಂದ ತಳಿಗೆ ಬದಲಾಗುವುದನ್ನು ಎತ್ತಿ ತೋರಿಸಿತು. ಬೀಟಾ ಅಮೈಲೇಸ್ ಹಾಗಲ್ಲ. ತೆನೆ ಹೊಲದಲ್ಲಿರುವಾಗಲೇ ಕಾಳಿನೊಳಗೆ ಸೇರಿಕೊಂಡು, ಬೇರೆ ಪ್ರೋಟೀನುಗಳಿಗೆ ಅಂಟಿಕೊಂಡು ಕಾದಿರುತ್ತದೆ. ಮೊಳಕೆಯ ಸಮಯದಲ್ಲಿ ಪ್ರೋಟೀನು ಒಡೆಯುವ ಕಿಣ್ವಗಳು ಬಂದು ಅದನ್ನು ಬಿಡಿಸುತ್ತವೆ. ಅದರ ಮುಖ್ಯ ಜೀನ್ ನಾಲ್ಕನೆಯ ವರ್ಣತಂತುವಿನ ಮೇಲಿದೆ, ತಜ್ಞರು ‘ಬಿಎಂವೈ-1’ ಎನ್ನುತ್ತಾರೆ.

ಈ ಜೀನಿನ ರೂಪಭೇದಗಳಲ್ಲಿ ಮಾಲ್ಟ್ ಗುಣದ ಒಂದು ಸ್ಪಷ್ಟ ಉದಾಹರಣೆ ಇದೆ. ಮಾಲ್ಟ್ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿದಾಗ, ಬಾರ್ಲಿಯ ಪಿಷ್ಟ ಅಂಬಲಿಯಂತೆ ಬಿಚ್ಚಿಕೊಳ್ಳುವುದು 60ರಿಂದ 65 ಡಿಗ್ರಿಯ ಹೊತ್ತಿಗೆ. ಬಿಚ್ಚಿಕೊಳ್ಳದ ಪಿಷ್ಟವನ್ನು ಕಿಣ್ವ ಸರಿಯಾಗಿ ಕತ್ತರಿಸಲಾರದು. ಆದರೆ ಬೀಟಾ ಅಮೈಲೇಸ್ ಸ್ವತಃ ಕೆಡತೊಡಗುವುದೂ ಅದೇ ಬಿಸಿಯಲ್ಲಿ. ಪಿಷ್ಟ ಸಿದ್ಧವಾಗುವಷ್ಟರಲ್ಲಿ ಕಿಣ್ವ ಸಾಯುತ್ತಿರುತ್ತದೆ. ಆದ್ದರಿಂದ ಇನ್ನೊಂದಿಷ್ಟು ಬಿಸಿ ತಾಳುವ, ಇನ್ನು ಕೆಲವೇ ನಿಮಿಷ ಬದುಕುವ ಕಿಣ್ವಕ್ಕೆ ಬೆಲೆ ಬಹಳ. ಹುದುಗುವ ಸಕ್ಕರೆ ಎಷ್ಟು ಸಿಗುತ್ತದೆ ಎಂಬುದು ಅದರ ಮೇಲೆ ನಿಂತಿದೆ.

1990ರ ದಶಕದಲ್ಲಿ ಅಡಿಲೇಡ್‌ನ ಸಂಶೋಧಕರು ನೂರಾರು ಬಾರ್ಲಿಗಳ ಬೀಟಾ ಅಮೈಲೇಸನ್ನು ಬಿಸಿಗೆ ಒಡ್ಡಿ ಪರೀಕ್ಷಿಸಿದರು. ಬೆಳೆಯುವ ತಳಿಗಳಲ್ಲಿ ಈ ಕಿಣ್ವದ ರೂಪಗಳು ಬಿಸಿ ತಾಳುವ ಶಕ್ತಿಯಲ್ಲಿ ಕಡಿಮೆ, ಮಧ್ಯಮ, ಹೆಚ್ಚು ಎಂದು ವಿಂಗಡವಾದವು. ಎಲ್ಲಕ್ಕಿಂತ ಹೆಚ್ಚು ಬಿಸಿ ತಾಳುವ ರೂಪ ಮಾತ್ರ ಸಿಕ್ಕಿದ್ದು ಕಾಡು ಬಾರ್ಲಿಯಲ್ಲಿ. ಸುಮಾರು 10,000 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದ ರೈತರು ಪಳಗಿಸಿದ ಹುಲ್ಲು ಅದು. ಪ್ರೋಟೀನಿನಲ್ಲಿ ಬೆರಳೆಣಿಕೆಯ ಅಮೈನೋ ಆಮ್ಲಗಳು ಬದಲಾದರೆ ಸಾಕು, ಬಿಸಿ ತಾಳುವ ಶಕ್ತಿ ಬದಲಾಗುತ್ತದೆ. ಈಗ ತಳಿ ತಜ್ಞರು ಎಳೆ ಸಸಿಯ ಎಲೆ ಚೂರಿನ ಡಿಎನ್‌ಎ ನೋಡಿಯೇ ಯಾವ ರೂಪ ಇದೆ ಎಂದು ಹೇಳಬಲ್ಲರು. ಕಾಳು ಬಲಿತು, ಮಾಲ್ಟ್ ಆಗಿ, ಬಿಸಿನೀರಿಗೆ ಬೀಳುವವರೆಗೆ ಕಾಯಬೇಕಿಲ್ಲ.

ಗೋಡೆಯೂ ಪ್ರೋಟೀನೂ

ಪಿಷ್ಟ ತುಂಬಿದ ಪ್ರತಿ ಕೋಶಕ್ಕೂ ಗೋಡೆಯಿದೆ. ಬಾರ್ಲಿಯಲ್ಲಿ ಆ ಗೋಡೆಯ ಮುಕ್ಕಾಲು ಪಾಲಿನಷ್ಟು ಬೀಟಾ ಗ್ಲೂಕನ್ ಎಂಬ ನಾರು. ಮಾಲ್ಟ್ ಮಾಡುವಾಗ ಇದು ಚೆನ್ನಾಗಿ ಒಡೆಯದಿದ್ದರೆ ಕಿಣ್ವಗಳು ಪಿಷ್ಟದವರೆಗೆ ಹೋಗಲಾರವು. ರಸಕ್ಕೆ ಬೆರೆತರೆ ಅದು ಗೋಂದಿನಂತಾಗಿ ಸೋಸುವುದೇ ಕಷ್ಟ. ಹಾಗಾಗಿ ಮಾಲ್ಟ್‌ಗೆ ಬೀಟಾ ಗ್ಲೂಕನ್ ಕಡಿಮೆ ಇರುವ, ಅದನ್ನು ಒಡೆಯುವ ಕಿಣ್ವ ಹೆಚ್ಚಿರುವ ತಳಿ ಬೇಕು.

ಈ ನಾರನ್ನು ಕಟ್ಟುವ ಜೀನ್ ಕುಟುಂಬವನ್ನು 2006ರಲ್ಲಿ ಅಡಿಲೇಡ್ ತಂಡವೇ ಗುರುತಿಸಿತು. ಅರಬಿಡಾಪ್ಸಿಸ್ ಎಂಬ ಸಾಸಿವೆ ಜಾತಿಯ ಪುಟ್ಟ ಗಿಡದಲ್ಲಿ ಬೀಟಾ ಗ್ಲೂಕನ್ ಇರುವುದಿಲ್ಲ. ಭತ್ತದ ಜೀನ್‌ಗಳನ್ನು ಅದಕ್ಕೆ ಸೇರಿಸಿದಾಗ ಅದರ ಕೋಶಗೋಡೆಯಲ್ಲೂ ಆ ನಾರು ಕಾಣಿಸಿಕೊಂಡಿತು. ಬಾರ್ಲಿಯಲ್ಲಿ ಇದೇ ಕುಟುಂಬದ ಒಂದು ಜೀನ್ ಕೆಟ್ಟರೆ ಕಾಳಿನಲ್ಲಿ ಬೀಟಾ ಗ್ಲೂಕನ್ ಇರುವುದೇ ಇಲ್ಲ. ಅದೇ 2006ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕನ್ ಒದಗಿಸುವ ಬಾರ್ಲಿ ಆಹಾರ ಹೃದ್ರೋಗದ ಅಪಾಯ ತಗ್ಗಿಸಬಲ್ಲದು ಎಂದು ಪೊಟ್ಟಣದ ಮೇಲೆ ಬರೆಯಲು ಒಪ್ಪಿಗೆ ಕೊಟ್ಟಿತು. ಮಾಲ್ಟ್ ಮಾಡುವವರು ಬೇಡವೆನ್ನುವ ಅಂಶವನ್ನೇ ರೊಟ್ಟಿ, ಗಂಜಿಗೆ ಬೆಳೆಯುವವರು ಬೇಕೆನ್ನುತ್ತಾರೆ. ಜೀನ್ ಒಂದೇ, ಒಳ್ಳೆಯದೋ ಕೆಟ್ಟದ್ದೋ ಎಂಬುದು ಕಾಳು ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ.

ಪ್ರೋಟೀನಿನ ಕಥೆಯೂ ಇದೇ. ಮಾಲ್ಟ್‌ಗೆ ಪ್ರೋಟೀನು ಶೇ. 9.5ರಿಂದ 12ರೊಳಗೆ ಇರಬೇಕು. ಹೆಚ್ಚಾದಷ್ಟೂ ಪಿಷ್ಟಕ್ಕೆ ಜಾಗ ಕಡಿಮೆ, ರಸವೂ ಕಡಿಮೆ. ತೀರಾ ತಗ್ಗಿದರೆ ಕಿಣ್ವಗಳಿಗೂ, ಯೀಸ್ಟ್‌ನ ಆಹಾರಕ್ಕೂ, ನೊರೆಗೂ ಕೊರತೆ. ಈ ಅಳತೆಯ ಅಗತ್ಯದಿಂದ ಹುಟ್ಟಿದ ವಿಧಾನ ಇಂದು ಜಗತ್ತಿನ ಆಹಾರ ಪ್ರಯೋಗಾಲಯಗಳಲ್ಲೆಲ್ಲ ಬಳಕೆಯಲ್ಲಿದೆ. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಯೋಹಾನ್ ಕೆಲ್ಡಾಲ್ ಧಾನ್ಯದ ಸಾರಜನಕವನ್ನು ಅಳೆಯುವ ವಿಧಾನವನ್ನು 1883ರಲ್ಲಿ ಪ್ರಕಟಿಸಿದರು. ಆಗ ಅವರ ಕೈಕೆಳಗೆ ಸಹಾಯಕನಾಗಿದ್ದ ಯುವಕ ವಿಲ್ಹೆಲ್ಮ್ ಯೋಹಾನ್‌ಸೆನ್. 1909ರಲ್ಲಿ ‘ಜೀನ್’ ಎಂಬ ಪದವನ್ನು ವಿಜ್ಞಾನಕ್ಕೆ ಕೊಟ್ಟವರು ಅವರೇ.

ಕಾಳಿನ ಪ್ರೋಟೀನು ಮಣ್ಣು, ಗೊಬ್ಬರ, ಹವೆಯನ್ನು ಬಹಳ ಅವಲಂಬಿಸಿದ್ದರೂ ಅದರಲ್ಲೂ ಜೀನಿನ ಕೈವಾಡವಿದೆ. 2006ರಲ್ಲಿ ಕಾಡು ಗೋಧಿಯಲ್ಲಿ ಸಿಕ್ಕ ಒಂದು ಜೀನ್, ಎಲೆಗಳು ಬೇಗ ಹಣ್ಣಾಗಿ ತಮ್ಮ ಸಾರಜನಕ, ಕಬ್ಬಿಣ, ಸತುವನ್ನು ಕಾಳಿಗೆ ಕಳಿಸುವಂತೆ ಮಾಡುತ್ತದೆ. ಬಾರ್ಲಿಯಲ್ಲಿ ಅದಕ್ಕೆ ಸಮನಾದ ಜೀನ್ ಆರನೆಯ ವರ್ಣತಂತುವಿನ ಮೇಲಿದೆ. ಅಮೆರಿಕದ ‘ಕಾರ್ಲ್’ ಎಂಬ ತಳಿಯಲ್ಲಿ ಅದರ ಭಿನ್ನ ರೂಪವಿದ್ದು ಕಾಳಿನಲ್ಲಿ ಪ್ರೋಟೀನು ಕಡಿಮೆ. ರೊಟ್ಟಿಯ ಗೋಧಿಗೆ ಮೊದಲ ರೂಪ ಬೇಕು, ಮಾಲ್ಟ್ ಬಾರ್ಲಿಗೆ ಎರಡನೆಯದು.

ನಿದ್ದೆಯ ಲೆಕ್ಕ

ಇಷ್ಟೆಲ್ಲ ಕಿಣ್ವಗಳಿದ್ದೂ ಕಾಳು ಏಳದಿದ್ದರೆ ಏನು ಪ್ರಯೋಜನ? ಪಶ್ಚಿಮ ಏಷ್ಯಾದ ಬೆಟ್ಟಗಳಲ್ಲಿ ಕಾಡು ಬಾರ್ಲಿಯ ಕಾಳು ಬೇಸಿಗೆಯ ಹೊಸ್ತಿಲಲ್ಲಿ ಉದುರುತ್ತದೆ. ಆಗ ಅಕಸ್ಮಾತ್ ಬಿದ್ದ ಒಂದು ಮಳೆಗೆ ಮೊಳೆತರೆ ಮುಂದಿನ ಒಣ ತಿಂಗಳುಗಳಲ್ಲಿ ಸಸಿ ಸತ್ತಂತೆಯೇ. ಹಾಗಾಗಿ ಅದು ಒದ್ದೆಯಾದರೂ ಏಳದೆ ಶರತ್ಕಾಲದ ಮಳೆಯವರೆಗೆ ಸುಪ್ತಾವಸ್ಥೆಯಲ್ಲಿ ಮಲಗಿರುತ್ತದೆ. ಕಾಡಿನಲ್ಲಿ ಈ ನಿದ್ದೆ ಜೀವರಕ್ಷಕ, ಮಾಲ್ಟ್ ಕಾರ್ಖಾನೆಯಲ್ಲಿ ನಷ್ಟ. ಕೊಯ್ದ ಬಾರ್ಲಿಯನ್ನು ನಿದ್ದೆ ಹರಿಯುವವರೆಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಗೋದಾಮಿನಲ್ಲಿ ಇಡಬೇಕು.

ಹಾಗಂತ ನಿದ್ದೆಯನ್ನು ಪೂರ್ತಿ ತೆಗೆದುಹಾಕಿದರೆ ರೈತ ಕೆಡುತ್ತಾನೆ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಕಾಳು ತೆನೆಯಲ್ಲೇ ಮೊಳೆಯುತ್ತದೆ. ಒಮ್ಮೆ ಮೊಳೆತು ಒಣಗಿದ ಕಾಳು ಮತ್ತೆ ಮಾಲ್ಟ್ ಆಗದು. ಬೇಕಾದ್ದು ಅಳೆದು ತೂಗಿದ ನಿದ್ದೆ, ಅಂದರೆ ಹೊಲದಲ್ಲಿರುವಷ್ಟು ದಿನ ಮಲಗಿ ಗೋದಾಮಿಗೆ ಬಂದ ಮೇಲೆ ಎಚ್ಚರಾಗುವಂಥದು.

ಇದನ್ನು ಹಿಡಿತದಲ್ಲಿಡುವ ಎರಡು ಮುಖ್ಯ ತಾಣಗಳು ಬಾರ್ಲಿಯ ಐದನೆಯ ವರ್ಣತಂತುವಿನಲ್ಲಿವೆ, ಒಂದು ಮಧ್ಯದ ಬಳಿ, ಇನ್ನೊಂದು ತುದಿಯಲ್ಲಿ. 2016ರಲ್ಲಿ ಜಪಾನಿನ ಸಂಶೋಧಕರು ಎರಡನ್ನೂ ಜೀನ್ ಮಟ್ಟದಲ್ಲಿ ಗುರುತಿಸಿದರು. ಮೊದಲನೆಯದು ಅಲನೀನ್ ಅಮೈನೋಟ್ರಾನ್ಸ್‌ಫರೇಸ್ ಎಂಬ ಸಾಮಾನ್ಯ ಕಿಣ್ವದ ಜೀನ್, ಭ್ರೂಣದಲ್ಲಿ ಕೆಲಸ ಮಾಡುತ್ತದೆ. ಎರಡನೆಯದು ಕೋಶದೊಳಗೆ ಸಂಕೇತ ದಾಟಿಸುವ ಒಂದು ಪ್ರೋಟೀನಿನದು. ಅದರಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದಾಗ ಸಂಕೇತ ಕ್ಷೀಣಿಸಿ ನಿದ್ದೆ ದೀರ್ಘವಾಗುತ್ತದೆ. ಆ ರೂಪ ಪೂರ್ವ ಏಷ್ಯಾದಲ್ಲಿ ಉಳಿದು ಹಬ್ಬಿತು. ಅಲ್ಲಿ ಬಾರ್ಲಿ ಕೊಯ್ಲು ಮುಂಗಾರಿನ ಮಳೆಗೆ ತಾಗಿಕೊಂಡು ಬರುತ್ತದೆ, ತೆನೆಯಲ್ಲೇ ಮೊಳೆಯದ ಕಾಳು ಅಲ್ಲಿನ ರೈತರಿಗೆ ಬೇಕಿತ್ತು.

ಹೊಲದ ಗುಣವೋ, ಹುಟ್ಟು ಗುಣವೋ

ಇಂದು ಜೀನ್‌ಗಳನ್ನು ಹೆಸರಿಟ್ಟು ಕರೆಯುತ್ತೇವೆ. ನೂರು ವರ್ಷಗಳ ಹಿಂದೆ ತಳಿ ತಜ್ಞರ ಮುಂದಿದ್ದ ಪ್ರಶ್ನೆ ಇನ್ನೂ ಮೂಲದ್ದು. ಈ ಬಾರ್ಲಿ ಒಳ್ಳೆಯದಾಗಿ ಬಂದದ್ದು ತಳಿಯಿಂದಲೋ, ಈ ವರ್ಷದ ಮಳೆಯಿಂದಲೋ? ಡಬ್ಲಿನ್‌ನ ಗಿನ್ನಿಸ್ ಕಾರ್ಖಾನೆಗೆ 1899ರಲ್ಲಿ ಸೇರಿದ ವಿಲಿಯಂ ಗಾಸೆಟ್ ಈ ಪ್ರಶ್ನೆಯನ್ನು ಗಣಿತಕ್ಕೆ ಒಪ್ಪಿಸಿದರು. ನಾಲ್ಕಾರು ಹೊಲಗಳ ಅಂಕಿಅಂಶಗಳಿಂದ ಎಷ್ಟರ ಮಟ್ಟಿಗೆ ನಿರ್ಧಾರಕ್ಕೆ ಬರಬಹುದು ಎಂಬುದನ್ನು ಲೆಕ್ಕಹಾಕುವ ವಿಧಾನವನ್ನು 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ನಮ್ಮ ಕಾಲೇಜುಗಳಲ್ಲಿ ಕಲಿಸುವ ‘ಟಿ ಪರೀಕ್ಷೆ’ ಅದೇ. ಇಂಗ್ಲೆಂಡಿನ ವಾರ್ಮಿನ್‌ಸ್ಟರ್‌ನಲ್ಲಿ ಮಾಲ್ಟ್ ವ್ಯಾಪಾರಿಯೂ ತಳಿ ತಜ್ಞರೂ ಆಗಿದ್ದ ಬೀವನ್ ಅವರೊಂದಿಗೆ ಗಾಸೆಟ್ ನಿಕಟವಾಗಿ ಕೆಲಸ ಮಾಡಿದರು. ಬೀವನ್ ಸಂಕರಿಸಿದ ‘ಪ್ಲೂಮೇಜ್-ಆರ್ಚರ್’ ಮುಂದೆ ‘ಪ್ರಾಕ್ಟರ್’ ತಳಿಗೆ ತಾಯಿಬೇರಾಯಿತು. ಪ್ರಾಕ್ಟರ್‌ನಿಂದ 1960ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ‘ಮ್ಯಾರಿಸ್ ಆಟರ್’ ಬಂತು. ಅದನ್ನು ಇಂದಿಗೂ ಬೆಳೆಯುತ್ತಾರೆ.

ಜೀನ್‌ಗಳ ತಾಣ ಹುಡುಕುವ ಕೆಲಸ 1990ರ ದಶಕದಲ್ಲಿ ಅಮೆರಿಕದಲ್ಲಿ ಬಿರುಸಾಯಿತು. ಅದಕ್ಕೆ ಆರಿಸಿಕೊಂಡದ್ದು ಎರಡು ತಳಿ. ‘ಸ್ಟೆಪ್ಟೋ’ ಇಳುವರಿಗೆ ಹೆಸರಾದ ಮೇವಿನ ಬಾರ್ಲಿ, ಕೊಯ್ಲಾದ ಮೇಲೆ ಗಾಢ ನಿದ್ದೆಯದು. ‘ಮೊರೆಕ್ಸ್’ ಮಿನ್ನೆಸೋಟ ವಿಶ್ವವಿದ್ಯಾಲಯ 1978ರಲ್ಲಿ ಬಿಡುಗಡೆ ಮಾಡಿದ ಮಾಲ್ಟ್ ಬಾರ್ಲಿ, ಬೇಗ ಏಳುವುದು. ಇವೆರಡನ್ನು ಸಂಕರಿಸಿ 150 ಸಂತತಿಗಳನ್ನು ಪಡೆದರು. ಸಾಮಾನ್ಯವಾಗಿ ಸಂಕರದ ಸಂತತಿ ಸ್ಥಿರವಾಗಲು ಹಲವು ತಲೆಮಾರು ಬೇಕು. ಇಲ್ಲಿ ಬಳಸಿದ ವಿಧಾನವನ್ನು ಕೆನಡಾದ ಕಾಶಾ ಮತ್ತು ಕಾವೊ 1970ರಲ್ಲಿ ತೋರಿಸಿಕೊಟ್ಟಿದ್ದರು. ಬಾರ್ಲಿಗೆ ‘ಹಾರ್ಡಿಯಂ ಬಲ್ಬೋಸಮ್’ ಎಂಬ ಕಾಡು ಸಂಬಂಧಿಯ ಪರಾಗ ಸೋಕಿಸಿದರೆ ಭ್ರೂಣ ಹುಟ್ಟುತ್ತದೆ, ಆದರೆ ಬೆಳೆಯುವಾಗ ಕಾಡು ಗಿಡದ ವರ್ಣತಂತುಗಳು ತಾವಾಗಿಯೇ ಕಳೆದುಹೋಗುತ್ತವೆ. ಉಳಿದ ಒಂಟಿ ಗುಂಪಿನ ಬಾರ್ಲಿ ವರ್ಣತಂತುಗಳನ್ನು ಔಷಧದಿಂದ ಇಮ್ಮಡಿಗೊಳಿಸಿದರೆ ಒಂದೇ ಹೆಜ್ಜೆಯಲ್ಲಿ ಸ್ಥಿರವಾದ ತಳಿ ಸಿದ್ಧ.

ಆ 150 ತಳಿಗಳನ್ನು ಹಲವು ಊರುಗಳಲ್ಲಿ ಬೆಳೆದು, ಮಾಲ್ಟ್ ಮಾಡಿ, ಕಿಣ್ವ, ಪ್ರೋಟೀನು, ರಸದ ಪ್ರಮಾಣ ಅಳೆದು, ಡಿಎನ್‌ಎ ಗುರುತುಗಳೊಂದಿಗೆ ತಾಳೆ ನೋಡಿದರು. ಮಾಲ್ಟ್ ಗುಣದ ತಾಣಗಳು ಒಂದು ಕಡೆ ಇರಲಿಲ್ಲ, ಹಲವು ವರ್ಣತಂತುಗಳಲ್ಲಿ ಚದುರಿಕೊಂಡಿದ್ದವು. ಒಳ್ಳೆಯ ರೂಪಗಳೆಲ್ಲ ಮೊರೆಕ್ಸ್‌ನಿಂದಲೇ ಬಂದಿರಲಿಲ್ಲ, ಕೆಲವನ್ನು ಮೇವಿನ ಸ್ಟೆಪ್ಟೋ ಕೊಟ್ಟಿತ್ತು. ಬಾರ್ಲಿಯ ಏಳು ಜೋಡಿ ವರ್ಣತಂತುಗಳ ಜೀನೋಮ್ ಸುಮಾರು 500 ಕೋಟಿ ಅಕ್ಷರಗಳದು, ಮನುಷ್ಯನದಕ್ಕಿಂತ ದೊಡ್ಡದು. ಅದರ ಕರಡು 2012ರಲ್ಲಿ, ಸುಧಾರಿತ ರೂಪ 2017ರಲ್ಲಿ ಪ್ರಕಟವಾಯಿತು. ಓದಲು ಆರಿಸಿಕೊಂಡ ತಳಿ ಮೊರೆಕ್ಸ್ ಆಗಿತ್ತು.

ಉಳಿಸಿಕೊಳ್ಳಬೇಕಾದ್ದು

ಒಳ್ಳೆಯದನ್ನು ಒಳ್ಳೆಯದರೊಂದಿಗೆ ಮತ್ತೆ ಮತ್ತೆ ಸಂಕರಿಸಿದರೆ ಬುಡ ಕಿರಿದಾಗುತ್ತದೆ. ಇಂಗ್ಲೆಂಡಿನ ಹೊಲಗಳನ್ನು ಕಳೆದ ಶತಮಾನದ ಮೊದಲರ್ಧದಲ್ಲಿ ಆಳಿದ್ದು ಪ್ಲೂಮೇಜ್-ಆರ್ಚರ್ ಮತ್ತು ಸ್ಪ್ರಾಟ್-ಆರ್ಚರ್ ಎಂಬ ಎರಡು ತಳಿ, ಎರಡರಲ್ಲೂ ಆರ್ಚರ್ ಎಂಬ ತಳಿಯ ರಕ್ತ. ಹೊಸ ಗುಣ ಬೇಕಾದಾಗ ತಜ್ಞರು ಬುಡದ ಹೊರಗೆ ಹುಡುಕಲೇಬೇಕು. ಬಿಯರ್ ಹಳೆಯದಾದಾಗ ಬರುವ ರಟ್ಟಿನ ವಾಸನೆಗೆ ಕಾರಣ ಕಾಳಿನ ಕೊಬ್ಬನ್ನು ಕೆಡಿಸುವ ಲೈಪಾಕ್ಸಿಜನೇಸ್ ಎಂಬ ಕಿಣ್ವ. ಅದಿಲ್ಲದ ಬಾರ್ಲಿಗಾಗಿ ಜಪಾನಿನ ಸಪ್ಪೊರೊ ಸಂಸ್ಥೆಯವರು ಹಳೆಯ ತಳಿಗಳ ಸಂಗ್ರಹವನ್ನು ಜಾಲಾಡಿದರು. ಸಿಕ್ಕ ಗುಣವನ್ನು ಕೆನಡಾದ ಸಸ್ಕಾಚೆವನ್ ವಿಶ್ವವಿದ್ಯಾಲಯದೊಂದಿಗೆ ಸೇರಿ ಹೊಸ ತಳಿಗೆ ತಂದರು.

ಭಾರತದಲ್ಲಿ ಬಾರ್ಲಿ ಮುಖ್ಯವಾಗಿ ರಾಜಸ್ಥಾನ, ಉತ್ತರ ಪ್ರದೇಶ, ಹರಿಯಾಣ, ಮಧ್ಯಪ್ರದೇಶಗಳ ಹಿಂಗಾರು ಬೆಳೆ. ಕಾಳು ತುಂಬುವ ಮಾರ್ಚ್ ತಿಂಗಳಲ್ಲಿ ಬಿಸಿಗಾಳಿ ಎದ್ದರೆ ಪಿಷ್ಟ ಸೇರುವ ಅವಧಿ ಮೊಟಕಾಗುತ್ತದೆ. ಕಾಳು ಜೊಳ್ಳಾಗಿ ಪ್ರೋಟೀನಿನ ಪಾಲು ಏರುತ್ತದೆ. ನಮ್ಮ ಹಳೆಯ ತಳಿಗಳಲ್ಲಿ ಹೆಚ್ಚಿನವು ಆರು ಸಾಲಿನವು, ತೆನೆಯ ಪಕ್ಕದ ಕಾಳುಗಳು ಸಣ್ಣವು. ಎರಡು ಸಾಲಿನ ತೆನೆಯಲ್ಲಿ ಪಕ್ಕದ ಹೂಗಳು ಬರಡಾಗಿ ನಡುವಿನ ಕಾಳು ದುಂಡಗೆ, ಒಂದೇ ಸಮನಾಗಿ ತುಂಬುತ್ತದೆ. ಸಾಲು ಎರಡೋ ಆರೋ ಎಂದು ನಿರ್ಧರಿಸುವ ಜೀನನ್ನು 2007ರಲ್ಲಿ ಗುರುತಿಸಲಾಯಿತು. ಕರ್ನಾಲ್‌ನ ಭಾರತೀಯ ಗೋಧಿ ಮತ್ತು ಬಾರ್ಲಿ ಸಂಶೋಧನಾ ಸಂಸ್ಥೆ ಎರಡು ಸಾಲಿನ ‘ಡಿಡಬ್ಲ್ಯುಆರ್‌ಯುಬಿ 52’ರಂಥ ಮಾಲ್ಟ್ ತಳಿಗಳನ್ನು ಕೊಟ್ಟಿದೆ. ಹವೆ ಇನ್ನೂ ಬಿಸಿಯಾಗುತ್ತಿರುವಾಗ ಅವರ ಮುಂದಿರುವ ಕೆಲಸ ಯುರೋಪಿನ ತಳಿ ತಜ್ಞರದಕ್ಕಿಂತ ಕಠಿಣ.

ಕರ್ನಾಟಕದ ಮನೆಗಳಲ್ಲಿ ಮಾಲ್ಟ್ ಎಂದರೆ ರಾಗಿಯದು. ಮಗುವಿಗೆ ರಾಗಿ ಸರಿ ಮಾಡುವಾಗ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸುವುದು ಇದೇ ಮೂರು ಹಂತ. ಮೊಳಕೆಯ ಅಮೈಲೇಸ್ ಪಿಷ್ಟವನ್ನು ತುಂಡರಿಸುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳುವಾಗಿಯೇ ಇರುತ್ತದೆ, ಪುಟ್ಟ ಹೊಟ್ಟೆಗೆ ಹೆಚ್ಚು ಆಹಾರ ಸೇರುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ ದೇಶಿಕಾಚಾರ್ ಮತ್ತು ಮಲ್ಲೇಶಿ ಇದನ್ನು ವೈಜ್ಞಾನಿಕವಾಗಿ ಅಧ್ಯಯನ ಮಾಡಿದರು. 2017ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಅವರ ತಂಡ ‘ಎಂಎಲ್-365’ ರಾಗಿಯ ಜೀನೋಮ್ ಪ್ರಕಟಿಸಿತು. ಬಾರ್ಲಿಗೆ ಕೇಳಿದ ಪ್ರಶ್ನೆಗಳನ್ನು ರಾಗಿಗೂ ಕೇಳಲು ದಾರಿ ತೆರೆದಿದೆ. ಯಾವ ರಾಗಿ ಒಟ್ಟಿಗೆ ಮೊಳೆಯುತ್ತದೆ, ಯಾವುದರ ಅಮೈಲೇಸ್ ಹೆಚ್ಚು, ಅದು ಯಾವ ಜೀನಿನಿಂದ ಎಂಬ ಪ್ರಶ್ನೆಗಳು ಬಿಯರ್‌ಗಿಂತ ಕಡಿಮೆ ಮುಖ್ಯವಲ್ಲ. ಇವಕ್ಕೆ ನಮ್ಮ ಮಕ್ಕಳ ಹೊಟ್ಟೆಯ ಸಂಬಂಧವಿದೆ.

ಅದಕ್ಕೆ ಬೇಕಾದ ಬಂಡವಾಳ ಹಳೆಯ ತಳಿಗಳೇ. ಜಗತ್ತಿನ ಬಾರ್ಲಿಯ ಒಂದು ದೊಡ್ಡ ಸಂಗ್ರಹ ಸಿರಿಯಾದ ಅಲೆಪ್ಪೊ ಬಳಿ ಇಕಾರ್ಡಾ ಎಂಬ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿತ್ತು. ಯುದ್ಧದಲ್ಲಿ ಆ ಕೇಂದ್ರ ಕೈತಪ್ಪಿತು. ಆದರೆ ಬೀಜಗಳ ನಕಲು ಪ್ರತಿಗಳನ್ನು ಮೊದಲೇ ನಾರ್ವೆಯ ಸ್ವಾಲ್‌ಬಾರ್ಡ್ ಬೀಜಭಂಡಾರಕ್ಕೆ ಕಳಿಸಿದ್ದರಿಂದ 2015ರಲ್ಲಿ ಅವನ್ನು ಹಿಂದಕ್ಕೆ ಪಡೆದು ಲೆಬನಾನ್ ಮತ್ತು ಮೊರಾಕ್ಕೊಗಳಲ್ಲಿ ಮತ್ತೆ ಬೆಳೆಯಲು ಸಾಧ್ಯವಾಯಿತು. ಬಿಸಿ ತಾಳುವ ಕಿಣ್ವವಾಗಲಿ, ಅಳೆದು ತೂಗಿದ ನಿದ್ದೆಯಾಗಲಿ ಯಾವ ಪ್ರಯೋಗಾಲಯವೂ ಸೃಷ್ಟಿಸಿದ್ದಲ್ಲ. ಯಾವುದೋ ಬೆಟ್ಟದ ಬರ, ಯಾವುದೋ ಕಣಿವೆಯ ಕೊಯ್ಲಿನ ಮಳೆ ಎದುರಿಸಿದ ಗಿಡಗಳು, ಅವನ್ನು ಆರಿಸಿ ಉಳಿಸಿಕೊಂಡ ರೈತರು ಅವನ್ನು ನಮಗೆ ಕೊಟ್ಟಿದ್ದಾರೆ. ಮಾಲ್ಟ್ ಗುಣ ಹತ್ತಾರು ಜೀನ್‌ಗಳ ಹೊಂದಾಣಿಕೆಯಾದ್ದರಿಂದ ನಾಳೆ ಯಾವ ರೂಪ ಬೇಕಾದೀತು ಎಂದು ಇಂದು ಹೇಳಲಾಗದು. ಬಾರ್ಲಿಯದಿರಲಿ, ರಾಗಿಯದಿರಲಿ, ಈಗ ಪ್ರಯೋಜನ ಕಾಣದ ನಾಟಿ ತಳಿಯನ್ನೂ ಬೀಜಭಂಡಾರದಲ್ಲೂ ಹೊಲದಲ್ಲೂ ಉಳಿಸಿಕೊಳ್ಳಬೇಕಾದ್ದು ಅದಕ್ಕೇ.